ಟ್ರಂಕಿನ ತಳದ ಮಾರ್ಕ್ಸ್ ಕಾರ್ಡ್

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಇಂಥ ಸಮಾರಂಭಕ್ಕೆ ಸಾಮಾನ್ಯವಾಗಿ ರ‍್ಯಾಂಕ್ ಬಂದವರನ್ನು ಕರೆಯುತ್ತಾರೆ. ನಾನು ಇದೇ ಶಾಲೆಯಲ್ಲಿ ಗಣಿತದಲ್ಲಿ ಫೇಲಾದವನು. ಮುಖ್ಯೋಪಾಧ್ಯಾಯರಿಗೆ ಹಾಗೆಂದೆ. "ಅದನ್ನೇ ಮಾತಾಡಿ" ಅಂದರು.

ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯ ಪಾಸು, ಗಣಿತಕ್ಕೆ 19 ಅಂಕ. ಮತ್ತೆ ಪರೀಕ್ಷೆ ಕಟ್ಟಬೇಕಿತ್ತು, ಕಟ್ಟಲಿಲ್ಲ. ಸುಗ್ಗಿ ಮುಗಿಯಲಿ ಅಂದೆ. ಅಕ್ಕನ ಮದುವೆ ಮುಗಿಯಲಿ ಅಂದೆ. ಆಮೇಲೆ ಹೇಳಲು ನೆಪವೂ ಬೇಕಾಗಲಿಲ್ಲ, ಯಾರೂ ಕೇಳುವುದನ್ನೇ ಬಿಟ್ಟರು. ಮಾರ್ಕ್ಸ್ ಕಾರ್ಡ್ ಐದು ವರ್ಷ ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇತ್ತು.

ಸೋಮಾರಿ ಅಂದವರಿದ್ದರು. ನಾನು ನಸುಕಿನ ನಾಲ್ಕಕ್ಕೆ ಎದ್ದು ಹಾಲು ಕರೆಯುತ್ತಿದ್ದವನು, ಸೋಮಾರಿಯಲ್ಲ. ನನ್ನದು ಹೆದರಿಕೆ. ಕಟ್ಟದೆ ಇರುವ ತನಕ "ಕಟ್ಟಿದ್ದರೆ ಪಾಸಾಗುತ್ತಿದ್ದೆ" ಎನ್ನಬಹುದು. ಕಟ್ಟಿ ಫೇಲಾದರೆ ಆ ಮಾತೂ ಕೈಬಿಡುತ್ತದೆ. ಅರ್ಜಿಯ ಕೊನೆಯ ದಿನ ದಾಟಿದ ಪ್ರತಿ ಸಲವೂ ಮನಸ್ಸು ಹಗುರಾಗುತ್ತಿತ್ತು. ಆ ಹಗುರಿನ ರುಚಿ ಹತ್ತಿದ ಮನಸ್ಸು ಮುಂದಿನ ಸಲ ಇನ್ನೂ ಬೇಗ ಹಿಂದೆ ಸರಿಯುತ್ತದೆ.

ಆರನೇ ವರ್ಷ ಗೆಳೆಯರೆಲ್ಲ ಒಂದು ನೌಕರಿಗೆ ಅರ್ಜಿ ಹಾಕಿದರು. ಅದಕ್ಕೆ ಎಸ್ಸೆಸ್ಸೆಲ್ಸಿ ಸಾಕಿತ್ತು. ಅವರ ಜೊತೆ ಪೇಟೆಗೆ ಹೋಗಿ, ಅವರ ಅರ್ಜಿಗಳನ್ನು ನಾನೇ ಅಂಚೆಗೆ ಹಾಕಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಗಣಿತದ ಮೇಷ್ಟ್ರ ಮನೆಗೆ ಹೋದೆ.

ಅವರು ಬುದ್ಧಿ ಹೇಳಲಿಲ್ಲ. ಅಂದೇ ಪರೀಕ್ಷೆಯ ಫೀಸು ಕಟ್ಟಿಸಿದರು. ಎಂಟನೇ ತರಗತಿಯ ಗಣಿತ ಪುಸ್ತಕ ಕೊಟ್ಟು, "ಸಂಜೆ ಡೇರಿಗೆ ಹಾಲು ಹಾಕಿ ಬಂದ ಕೂಡಲೆ ಒಂದು ಲೆಕ್ಕ. ಎರಡನೆಯದು ಮಾಡಬೇಡ" ಅಂದರು. ಇಪ್ಪತ್ತೊಂದು ವರ್ಷದವನಿಗೆ ಎಂಟನೇ ಕ್ಲಾಸಿನ ಪುಸ್ತಕ! ಮೊದಲ ದಿನ ತೆರೆದು ಮುಚ್ಚಿದೆ. ಎರಡನೇ ದಿನ ಒಂದು ಲೆಕ್ಕ ಆಯಿತು. ತಿಂಗಳು ಕಳೆಯುವಷ್ಟರಲ್ಲಿ ಮೇಷ್ಟ್ರ ಮಾತು ಮೀರಿ ಕದ್ದು ಎರಡನೆಯದನ್ನೂ ಮಾಡುತ್ತಿದ್ದೆ.

2022ರಲ್ಲಿ ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂದಾಗ ಮೇಷ್ಟ್ರ ಮಾತು ಮತ್ತೆ ನೆನಪಾಯಿತು. ನಾಯ್ಕರು ಕೂಲಿ ಮಾಡುತ್ತಿದ್ದವರು. ಕೈಗೆ ಬಂದದ್ದು ನೀರಿಲ್ಲದ ಗುಡ್ಡದ ಜಾಗ. ಆ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಹೊರಗೆ ಹರಿಸುವ ಪದ್ಧತಿ ಇದೆ. ಹಗಲು ಕೂಲಿ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಐದು ಸುರಂಗಗಳು ನೀರು ಕೊಡಲಿಲ್ಲ. ಜನ ನಕ್ಕರು. ಆರನೆಯದರಲ್ಲಿ ನೀರು ಬಂತು, ಬೋಳು ಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. ಎಲ್ಲರೂ ಅವರ ಛಲದ ಬಗ್ಗೆ ಮಾತಾಡುತ್ತಾರೆ. ಐದನೆಯದು ಒಣಗಿದ ಮರುದಿನದ ಬಗ್ಗೆ ನಾನು ಯೋಚಿಸುತ್ತೇನೆ. ಕೂಲಿಯಿಂದ ಬಂದ ಮೇಲೆ ಅಗೆಯುವ ಹೊತ್ತು ಎಂದು ಗೊತ್ತಾಗಿಬಿಟ್ಟಿದ್ದರಿಂದ, ಅಗೆಯಲೋ ಬೇಡವೋ ಎಂದು ಮನಸ್ಸನ್ನು ಕೇಳುವ ಗೋಜಿಗೇ ಅವರು ಹೋಗಲಿಲ್ಲವೇನೋ. ಇದು ನನ್ನ ಊಹೆ.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಆ ಸಲವೂ ಫೇಲಾದೆ, 31. ಐದು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಸಂಜೆ ಎಂದಿನಂತೆ ಡೇರಿಗೆ ಹಾಲು ಹಾಕಿ ಬಂದು ಪುಸ್ತಕ ತೆರೆದೆ. ಮುಂದಿನ ಸಲ 38 ಬಂತು. ಆ ನೌಕರಿ ಅಷ್ಟರಲ್ಲಿ ಭರ್ತಿಯಾಗಿತ್ತು. ಅದರ ಬೇಸರ ಈಗಲೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಇವತ್ತಿನ ಈ ಭಾಷಣವನ್ನೂ ಎಂಟು ದಿನ ಮುಂದೂಡಿ ನಿನ್ನೆ ಸಂಜೆ ಬರೆದೆ, ಹಾಲು ಹಾಕಿ ಬಂದ ಮೇಲೆ.

ಈ ಪೆಂಡಾಲಿನಲ್ಲಿ ನನ್ನಂತೆ ಒಂದು ವಿಷಯ ಬಾಕಿ ಉಳಿಸಿಕೊಂಡವರು ಇದ್ದಾರೆ. ಯಾರು ಅಂತಲೂ ನನಗೆ ಗೊತ್ತು, ಹೆಸರು ಹೇಳುವುದಿಲ್ಲ. ಪರೀಕ್ಷೆಯ ಫೀಸು ನಾನು ಕಟ್ಟುತ್ತೇನೆ. ಊಟ ಆದ ಮೇಲೆ ಶಾಲೆಯ ಹಿಂದಿನ ಹುಣಸೆ ಮರದ ಹತ್ತಿರ ಕೂತಿರುತ್ತೇನೆ. ಮನೆಗೆ ಹೋಗಿ ಮಾರ್ಕ್ಸ್ ಕಾರ್ಡ್ ಹುಡುಕಿ ತನ್ನಿ.