ತಿಂಗಳಿಗೆ ಒಂದು ಚಹಾದ ಖರ್ಚಿನ ಕಂಪ್ಯೂಟರು

ಇವತ್ತಿನ ಮಾತು ಕಂಪ್ಯೂಟರ್ ಬಗ್ಗೆ. ಆದರೆ ನಾನು ಓದಿದ್ದು ಬಿ.ಕಾಂ., ಹಾಗಾಗಿ ಕರೆಂಟ್ ಬಿಲ್ಲಿನಿಂದ ಶುರು ಮಾಡ್ತೀನಿ. ಮಾನಿಟರ್ ಸಮೇತ ಒಂದು ಹಳೇ ಡೆಸ್ಕ್‌ಟಾಪು ಸುಮಾರು 100 ವ್ಯಾಟ್ ತಿನ್ನುತ್ತದೆ ಅಂತ ಹಿಡಿಯಿರಿ. ಅದನ್ನು ಹಗಲೂ ರಾತ್ರಿ ಹಚ್ಚಿಟ್ಟರೆ ತಿಂಗಳಿಗೆ 72 ಯೂನಿಟ್. ಕುಳಗೇರಿ ಕ್ರಾಸಿನ ಒಂದು ಚಹಾದಂಗಡಿಯಲ್ಲಿ, ಸಕ್ಕರೆ ಡಬ್ಬಿ ಇಡುವ ಹಲಗೆಯ ಮೇಲಿನ ಗೂಡಿನಲ್ಲಿ, ಎಂಟು ತಿಂಗಳಿಂದ ಒಂದು ಕಂಪ್ಯೂಟರ್ ಹಗಲೂ ರಾತ್ರಿ ಓಡ್ತಾ ಇದೆ. ಅದು ತಿನ್ನೋದು ಎರಡು ವ್ಯಾಟಿನೊಳಗೆ. ತಿಂಗಳಿಗೆ ಒಂದೂವರೆ ಯೂನಿಟ್ಟೂ ಇಲ್ಲ. ನಾನು ಈ ಲೆಕ್ಕ ಹೇಳಿದಾಗ ಅಂಗಡಿ ಕಾಕಾ ಅಂದರು: "ಅಂದ್ರ ತಿಂಗಳಿಗೆ ಒಂದ್ ಚಾ ಕುಡಿತೈತಿ ಅನ್ನು. ಕುಡೀಲಿ ಬಿಡು ತಮ್ಮಾ."

ಅದರ ಹೆಸರು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ. 2021ರಲ್ಲಿ ಬಂದದ್ದು. ಉದ್ದ ಆರೂವರೆ ಸೆಂಟಿಮೀಟರ್, ಅಗಲ ಮೂರು. ಹೆಚ್ಚುಕಡಿಮೆ ಚಹಾದಾಗ ಅದ್ದುವ ಬಿಸ್ಕೀಟಿನಷ್ಟು. ರ‍್ಯಾಮ್ 512 ಎಂಬಿ, ಅಂದರೆ ನಿಮ್ಮ ಕೈಯಲ್ಲಿರುವ ಫೋನಿಗಿಂತ ಎಷ್ಟೋ ಪಾಲು ಕಡಿಮೆ. ಆದರೂ ಅದರೊಳಗೆ ಪೂರ್ತಿ ಲಿನಕ್ಸ್ ಓಡುತ್ತದೆ. ಡೆಬಿಯನ್ ಆಧಾರದ ರಾಸ್ಪ್‌ಬೆರಿ ಪೈ ಓಎಸ್, ಅದರಲ್ಲೂ 'ಲೈಟ್' ಅನ್ನೋ ಆವೃತ್ತಿ. ಕಿಟಕಿ ಇಲ್ಲ, ಐಕಾನ್ ಇಲ್ಲ, ಮೌಸ್ ಇಲ್ಲ. ಬರೀ ಕೆಲಸ. ಲೈಸೆನ್ಸಿಗೆ ಕೊಡಬೇಕಾದ ದುಡ್ಡು ಸೊನ್ನೆ.

ಏನು ಕೆಲಸ ಅಂದರೆ, ಅದು ಒಂದು ವೈ-ಫೈ ಬಿಡುತ್ತದೆ. ಬಸ್ಸಿಗೆ ಕಾಯುವವರು ಫೋನಿನಲ್ಲಿ ಅದಕ್ಕೆ ಸೇರಿಕೊಂಡು ಬ್ರೌಸರ್ ತೆರೆದರೆ ಒಂದು ಪುಟ ಬರುತ್ತದೆ. ಅದರಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ಹಳೇ ಪ್ರಶ್ನೆಪತ್ರಿಕೆಗಳು. ಸರಕಾರ ತನ್ನ ಜಾಲತಾಣದಲ್ಲೇ ಹಾಕಿರುವ ಶಾಲಾ ಪಠ್ಯಪುಸ್ತಕಗಳು. ಕಿವಿಕ್ಸ್ ಅನ್ನೋ ತಂತ್ರಾಂಶದ ಮೂಲಕ ಇಡೀ ಕನ್ನಡ ವಿಕಿಪೀಡಿಯ, ಒಂದೇ ಫೈಲಿನಲ್ಲಿ. ಜೊತೆಗೆ ಈ ಪಾಡ್‌ಕಾಸ್ಟಿನ ಹಳೇ ಎಪಿಸೋಡುಗಳು. ಇಂಟರ್ನೆಟ್ ಇಲ್ಲ. ಡೇಟಾ ಖರ್ಚಾಗೋದಿಲ್ಲ.

ಕ್ರಾಸ್ ಯಾಕೆ? ಗೊತ್ತಿಲ್ಲದವರಿಗೆ ಹೇಳ್ತೀನಿ. ಹುಬ್ಬಳ್ಳಿಯಿಂದ ನರಗುಂದ ದಾಟಿ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಕುಳಗೇರಿ ಕ್ರಾಸ್ ಸಿಗುತ್ತದೆ. ಒಂದು ಕಡೆ ಬಾದಾಮಿಗೆ ದಾರಿ, ಇನ್ನೊಂದು ಕಡೆ ರಾಮದುರ್ಗಕ್ಕೆ. ಇದು ಇಳಿದು ಇನ್ನೊಂದು ಬಸ್ಸು ಹತ್ತುವ ಜಾಗ. ಹಾಗಾಗಿ ಇಲ್ಲಿ ಎಲ್ಲರ ಹತ್ತಿರ ಒಂದು ವಸ್ತು ಪುಗಸಟ್ಟೆ ಇರ್ತದೆ: ಕಾಯುವ ಟೈಮು. ಕಾಲೇಜಿಗೆ ಹೋಗುವವರು, ಕೋಚಿಂಗಿಗೆ ಹೋಗುವವರು, ಗೌಂಡಿ ಕೆಲಸ ಮುಗಿಸಿ ಬರುವವರು. ಮೂರನೇ ಸಲ ಕಾನ್‌ಸ್ಟೇಬಲ್ ಪರೀಕ್ಷೆಗೆ ಕೂಡುತ್ತಿರುವ ಒಬ್ಬ ಹುಡುಗ ಇಲ್ಲಿ ದಿನಾ ನಲವತ್ತು ನಿಮಿಷ ನಿಲ್ಲುತ್ತಾನೆ. ವಯಸ್ಸಿನ ಮಿತಿ ಹತ್ತಿರ ಬಂದಿದೆ. ಮನೆಯಲ್ಲಿ ಒಂದೇ ಫೋನು, ಆ ದಿನದ ಡೇಟಾ ಮಧ್ಯಾಹ್ನಕ್ಕೇ ತಮ್ಮ ರೀಲ್ಸ್ ನೋಡಿ ಮುಗಿಸಿರ್ತಾನೆ. ಅವನಿಗೆ ಆ ನಲವತ್ತು ನಿಮಿಷ ಚಿಲ್ಲರೆ ಅಲ್ಲ.

ಈಗ ನೀವು ಕೇಳಬಹುದು, ಎಲ್ಲರ ಕೈಯಲ್ಲೂ ಫೋನ್ ಇರುವಾಗ ಈ ಬಡ ಕಂಪ್ಯೂಟರ್ ಯಾಕ್ರಿ? ಈ ಪ್ರಶ್ನೆಗೆ ಉತ್ತರ ಬೇಕಂದರೆ ಬೆಂಗಳೂರಿನ ಒಂದು ಹಳೇ ಕಥೆಗೆ ಹೋಗಬೇಕು. ನಿಮ್ಮಲ್ಲಿ ಬಹಳ ಜನ ಅದರ ಹೆಸರೇ ಕೇಳಿರಲಿಕ್ಕಿಲ್ಲ. ಸಿಂಪ್ಯೂಟರ್.

1998ರಲ್ಲಿ ಹುಟ್ಟಿದ ವಿಚಾರ ಅದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಅವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ತಂಡ. ಎಲ್ಲ ಸೇರಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. ಹಳ್ಳಿಯ ಜನ ಕೈಯಲ್ಲಿ ಹಿಡಿದು ಬಳಸುವ, ಅಗ್ಗದ, ಭಾರತದ ಭಾಷೆಗಳಲ್ಲಿ ಮಾತಾಡುವ ಕಂಪ್ಯೂಟರ್ ಬೇಕು ಅನ್ನೋದು ಆಸೆ. 2001ರ ಏಪ್ರಿಲಿನಲ್ಲಿ ಮಾದರಿ ತೋರಿಸಿದರು. ಸುಮಾರು 200 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಚಿಪ್ಪು, 32 ಎಂಬಿ ರ‍್ಯಾಮ್, ಬೆರಳಿಗಿಂತ ಸಣ್ಣ ಮೂರು ಸೆಲ್ಲು ಹಾಕಿದರೂ ಓಡುವಂಥದ್ದು. ಒಳಗೆ? ಲಿನಕ್ಸ್! ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬರೋದಕ್ಕೆ ಏಳು ವರ್ಷ ಮೊದಲು.

ಪಾಡ್‌ಕಾಸ್ಟ್ ಮಾಡುವವನಾಗಿ ನನಗೆ ಬಹಳ ಇಷ್ಟ ಆಗೋದು ಅದರ ದನಿ. ಓದಲು ಬಾರದವರಿಗೆ ಪಠ್ಯವನ್ನು ಓದಿ ಹೇಳಲಿಕ್ಕೆ ಅಂತ ರಮೇಶ್ ಹರಿಹರನ್ ಅವರು 'ಧ್ವನಿ' ಎಂಬ ತಂತ್ರಾಂಶ ಕಟ್ಟಿದರು, ಅದು ಕನ್ನಡವನ್ನೂ ಓದುತ್ತಿತ್ತು. ಸಿಂಪ್ಯೂಟರ್ ಮರೆಯಾದ ಮೇಲೂ ಧ್ವನಿ ಮುಕ್ತ ತಂತ್ರಾಂಶವಾಗಿ ಉಳಿಯಿತು, ಕೇರಳದ ಸಂತೋಷ್ ತೊಟ್ಟಿಂಗಲ್ ಅದನ್ನು ಮುಂದುವರಿಸಿದರು.

ಇನ್ನೊಂದು ಜಾಣತನ ಅದರ ಸ್ಮಾರ್ಟ್ ಕಾರ್ಡು. ಕಂಪ್ಯೂಟರ್ ಊರಿಗೆ ಒಂದು, ಕಾರ್ಡು ತಲೆಗೆ ಒಂದು. ನಿಮ್ಮ ಕಾರ್ಡ್ ಹಾಕಿದರೆ ಅದು ನಿಮ್ಮ ಕಂಪ್ಯೂಟರ್, ತೆಗೆದು ಪಕ್ಕದವರು ಹಾಕಿದರೆ ಅವರದು. ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ ಅನ್ನೋ ಲೆಕ್ಕ.

ಆಮೇಲೆ ಏನಾಯ್ತು? 2004ರ ಏಪ್ರಿಲಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ 'ಅಮಿಡಾ' ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಬೆಲೆ ಸುಮಾರು ಹತ್ತು ಸಾವಿರದಿಂದ ಶುರು. ಅಷ್ಟರಲ್ಲಿ ಹೊರಗಿನ ಲೋಕ ಬದಲಾಗಿತ್ತು. ಅದರ ಹಿಂದಿನ ವರ್ಷ, 2003ರ ಜುಲೈನಲ್ಲಿ, ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಡುವ ಸ್ಕೀಮ್ ತಂದಿತ್ತು. ನೀವೇ ಹೇಳ್ರಿ, ಒಂದು ಕಡೆ ಹತ್ತು ಸಾವಿರದ ಹಂಚಿಕೊಳ್ಳುವ ಕಂಪ್ಯೂಟರ್, ಇನ್ನೊಂದು ಕಡೆ 501 ಕೊಟ್ಟರೆ ಸ್ವಂತ ಫೋನು. ಜನ ಯಾವುದಕ್ಕೆ ಕೈ ಚಾಚ್ತಾರೆ? ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ, ಛತ್ತೀಸಗಢದಲ್ಲಿ ಶಾಲೆಗಳಲ್ಲಿ ಸಿಂಪ್ಯೂಟರ್ ಬಳಸಿ ನೋಡಿದ್ದೂ ಇದೆ. ಆದರೆ ಮಾರಾಟ ಕೆಲವು ಸಾವಿರದಲ್ಲೇ ನಿಂತಿತು.

ಇದನ್ನು 'ಸೋತ ಕಥೆ' ಅಂತ ಬರೆಯೋರು ಬಹಳ ಜನ. ನನಗೆ ಹಾಗನ್ನಿಸೋದಿಲ್ಲ. ಖರ್ಚಿನ ಪಟ್ಟಿ ನೋಡ್ರಿ. ಸಿಂಪ್ಯೂಟರ್ ತನ್ನ ಮೈಮೇಲೆ ಎಲ್ಲವನ್ನೂ ಹೊರಬೇಕಿತ್ತು: ಪರದೆ, ಬ್ಯಾಟರಿ, ಸ್ಪೀಕರ್, ಕಾರ್ಡ್ ಓದುವ ಯಂತ್ರ. 2012ರ ಫೆಬ್ರವರಿ 29ಕ್ಕೆ ಇಂಗ್ಲೆಂಡಿನ ಕೇಂಬ್ರಿಡ್ಜಿನಿಂದ ಮೊದಲ ರಾಸ್ಪ್‌ಬೆರಿ ಪೈ ಬಂದಾಗ ಅದರ ಬೆಲೆ 35 ಡಾಲರ್. ಅದು ಹೇಗೆ ಸಾಧ್ಯವಾಯ್ತು? ಅವರು ಪರದೆ ಕೊಡಲಿಲ್ಲ. ಮನೆಯಲ್ಲಿ ಟಿವಿ ಇದೆಯಲ್ಲ, ಅದಕ್ಕೆ ಸಿಕ್ಕಿಸಿಕೊಳ್ಳಿ ಅಂದರು. ಕೀಬೋರ್ಡ್ ಇಲ್ಲ, ಪೆಟ್ಟಿಗೆ ಇಲ್ಲ, ಚಾರ್ಜರ್ ಕೂಡ ಇಲ್ಲ. ಬರೀ ಹಸಿರು ಹಲಗೆ. ಕ್ರಾಸಿನ ಪೆಟ್ಟಿಗೆಗೆ ಟಿವಿಯೂ ಬೇಕಾಗಿಲ್ಲ, ಯಾಕಂದರೆ ಅದರ ಪರದೆ ಬಸ್ಸಿಗೆ ನಿಂತವರ ಜೇಬಿನಲ್ಲೇ ಇದೆ. ಸಿಂಪ್ಯೂಟರನ್ನು ಮೂಲೆಗೆ ತಳ್ಳಿದ ಅದೇ ಫೋನು ಈಗ ಅದರ ಕೆಲಸಕ್ಕೇ ಪರದೆಯಾಗಿ ಬಂದು ಕೂತಿದೆ. ಆ ಪ್ರಾಧ್ಯಾಪಕರು ಊರಿಗೆ ಒಂದು ಕಂಪ್ಯೂಟರ್ ಸಾಕು ಅಂದದ್ದು ಸರಿಯೇ ಇತ್ತು. ಆಗ ಪರದೆಗಳು ಊರಿಗೆ ಬಂದಿರಲಿಲ್ಲ ಅಷ್ಟೇ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮಗನಿಗೆ ಅಗ್ಗದ ಕಂಪ್ಯೂಟರ್ ಆಗ್ತದೆ ಅಂತ ಈ ಝೀರೋ ಕೊಳ್ಳಬ್ಯಾಡ್ರಿ. 512 ಎಂಬಿಯಲ್ಲಿ ಬ್ರೌಸರ್ ತೆರೆದು ಕೂತರೆ ಮಗ ಕಂಪ್ಯೂಟರನ್ನೇ ಬೈತಾನೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹಳೇ ಲ್ಯಾಪ್‌ಟಾಪ್ ತಂದು ಲಿನಕ್ಸ್ ಹಾಕಿಕೊಡಿ. ಸಣ್ಣ ಕಂಪ್ಯೂಟರಿನ ಜಾಗ ಬೇರೆ. ಅದು ಒಂದೇ ಕೆಲಸವನ್ನು ಯಾವಾಗಲೂ ಮಾಡ್ತಾ ಇರಬೇಕು, ಎಲ್ಲರಿಗೂ ಮಾಡಬೇಕು. ಬಾವಿಗೆ ಕಟ್ಟಿದ ಹಗ್ಗದ ಹಾಗೆ.

ಈಗ ಖರ್ಚು. ಹಲಗೆ, 32 ಜಿಬಿ ಕಾರ್ಡು, 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, ಅದರ ಚಾರ್ಜರು, 12 ವೋಲ್ಟನ್ನು 5ಕ್ಕೆ ಇಳಿಸುವ ಸಣ್ಣ ಸರ್ಕ್ಯೂಟು, ಗಡಿಯಾರದ ಚಿಪ್ಪು. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗೀತು. ಬ್ಯಾಟರಿ ಯುಪಿಎಸ್‌ನಲ್ಲಿ ಹಾಕ್ತಾರಲ್ಲ, ಆ ಥರದ್ದು. 84 ವ್ಯಾಟ್-ಅವರ್ ಅಂತ ಲೆಕ್ಕ, ಅದರಲ್ಲಿ ಅರ್ಧ ಮಾತ್ರ ಬಳಸಿದರೆ ಬ್ಯಾಟರಿ ಬಾಳುತ್ತೆ. ಆ ಅರ್ಧದಲ್ಲೇ ಇಪ್ಪತ್ತು ತಾಸು ಓಡ್ತದೆ. ಕರೆಂಟ್ ಹೋದಾಗ ಅಂಗಡಿಯಲ್ಲಿ ಲೈಟ್ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಪ್ರಶ್ನೆಪತ್ರಿಕೆ ಮಾತ್ರ ಬರ್ತಾನೇ ಇರ್ತದೆ.

32 ಜಿಬಿ ಕಾರ್ಡು ಸಣ್ಣದು ಅನ್ನಿಸಬಹುದು. ಅರ್ಧ ತಾಸಿನ ಎಪಿಸೋಡು 64 ಕೆಬಿಪಿಎಸ್‌ನಲ್ಲಿ ಸುಮಾರು 14 ಎಂಬಿ. ಬರೀ ಮಾತೇ ತುಂಬಿದರೆ ಒಂದೂವರೆ ಸಾವಿರಕ್ಕೂ ಹೆಚ್ಚು ಎಪಿಸೋಡು ಹಿಡಿಸ್ತದೆ. ನಾನು ಅಷ್ಟು ಮಾತಾಡೋದರೊಳಗೆ ಮುದುಕ ಆಗಿರ್ತೀನಿ.

ಇಂಥ ಪೆಟ್ಟಿಗೆಗೆ ದೊಡ್ಡ ಶತ್ರು ಕಾರ್ಡು ಕೆಡೋದು. ಲಿನಕ್ಸ್ ಏನಾದರೊಂದು ಬರೆದುಕೊಳ್ತಾನೇ ಇರ್ತದೆ. ಬರೆಯುವಾಗಲೇ ಕರೆಂಟ್ ಕಟ್ಟಾದರೆ ಕಾರ್ಡಿನ ಕಡತಗಳು ಹಾಳಾಗ್ತವೆ. ಅದಕ್ಕೆ ರಾಸ್ಪಿ-ಕಾನ್ಫಿಗ್ ಮೆನುವಿನಲ್ಲೇ 'ಓವರ್‌ಲೇ ಫೈಲ್ ಸಿಸ್ಟಮ್' ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಕಾರ್ಡನ್ನು ಓದೋದು ಮಾತ್ರ, ಬರೆಯೋದೆಲ್ಲ ರ‍್ಯಾಮಿನಲ್ಲಿ. ವೈರ್ ಕಿತ್ತು ಮತ್ತೆ ಸಿಕ್ಕಿಸಿದರೆ ನಿನ್ನೆ ಹೇಗಿತ್ತೋ ಹಾಗೇ ಎದ್ದು ಕೂಡ್ತದೆ. ಅಂಗಡಿ ಒಳಗೆ ಇಡುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಾಗಿಲ್ಲ.

ಗಡಿಯಾರದ ಚಿಪ್ಪು ಯಾಕೆ ಅಂದರೆ, ಈ ಹಲಗೆಗೆ ಸ್ವಂತ ಗಡಿಯಾರ ಇಲ್ಲ. ಇಂಟರ್ನೆಟ್ ಕೇಳಿ ಟೈಮ್ ತಿಳಿದುಕೊಳ್ತದೆ. ಇಂಟರ್ನೆಟ್ಟೇ ಇಲ್ಲದ ಕಡೆ ಅದಕ್ಕೆ ಇವತ್ತು ಯಾವ ದಿನ ಅಂತ ಯಾರು ಹೇಳಬೇಕು? ಡಿಎಸ್3231 ಅನ್ನೋ ಚಿಪ್ಪು, ಒಂದು ಬಟನ್ ಸೆಲ್ಲು, ಮುಗೀತು. ಬಿಸಿಲಿನ ಬಗ್ಗೆ ಬಹಳ ಜನ ಕೇಳ್ತಾರೆ. ನಮ್ಮ ಕಡೆ ಏಪ್ರಿಲ್ ಹೇಗಿರ್ತದೆ ಗೊತ್ತಲ್ಲ. ಚಿಪ್ಪು 80 ಡಿಗ್ರಿ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ತದೆ. ಒಲೆಯಿಂದ ದೂರ, ತಗಡಿನ ಛಾವಣಿಗೆ ತಾಗದ ಹಾಗೆ ಇಡಿ, ಸಾಕು.

ತಲೆನೋವು ಅಂದರೆ ಫೋನುಗಳು. ಈ ವೈ-ಫೈಗೆ ಸೇರಿದ ಕೂಡಲೇ ಆಂಡ್ರಾಯ್ಡು 'ಇದರಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರ್ತೀರಾ?' ಅಂತ ಕೇಳ್ತದೆ. ಅರ್ಧ ಜನ ಅದನ್ನು ನೋಡಿ ವಾಪಸ್ ಹೋಗ್ತಿದ್ದರು. ಕಾಕಾ ಒಂದು ರಟ್ಟು ಹರಿದು ಇದ್ದಿಲಿನಲ್ಲಿ ಬರೆದು ನೇತು ಹಾಕಿದರು: "ಇಂಟರ್ನೆಟ್ ಇಲ್ಲ ಅಂದ್ರ ಹೆದರಬ್ಯಾಡ್ರಿ. ಹೌದು ಒತ್ತರಿ." ಅವತ್ತಿನಿಂದ ಬಳಸುವವರು ಹೆಚ್ಚಾದರು. ಏಕಕಾಲಕ್ಕೆ ಹತ್ತು ಫೋನ್ ಸೇರಿದರೆ ಪುಟ್ಟ ವೈ-ಫೈ ಏದುಸಿರು ಬಿಡ್ತದೆ, ಅದಕ್ಕೆ ಮಾತ್ರ ರಟ್ಟು ಸಾಲದು.

ಜನ ಏನು ಓದ್ತಾರೆ ಅಂತ ನನಗೆ ಕುತೂಹಲ. ಯಾವ ಫೈಲು ಎಷ್ಟು ಸಲ ತೆರೆಯಿತು ಅನ್ನೋದು ಪೆನ್‌ಡ್ರೈವಿಗೆ ಬರೆದುಕೊಳ್ತದೆ, ಯಾರು ತೆರೆದರು ಅಂತ ಅಲ್ಲ. ಮೊದಲ ಸ್ಥಾನ ಹಳೇ ಪ್ರಶ್ನೆಪತ್ರಿಕೆ. ಎರಡನೇದು ಹತ್ತನೇ ತರಗತಿ ಗಣಿತ. ನನ್ನ ಪಾಡ್‌ಕಾಸ್ಟು ಬಹಳ ಕೆಳಗಿದೆ, ಅದನ್ನು ಇಲ್ಲಿ ಹೇಳೋದು ಬ್ಯಾಡ. "ಸಿನಿಮಾ ಹಾಕಣ್ಣಾ" ಅನ್ನೋ ಬೇಡಿಕೆ ದಿನಾ ಬರ್ತದೆ. ಹಾಕೋದಿಲ್ಲ. ಹಂಚಲಿಕ್ಕೆ ಅವಕಾಶ ಇರುವುದು ಮಾತ್ರ ಅದರೊಳಗೆ ಹೋಗ್ತದೆ.

ನನ್ನ ನಿಜವಾದ ಚಿಂತೆ ಬೇರೆ. ಜೂನಿನಿಂದ ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರ್ತೀನಿ. ಹದಿನೈದು ದಿನಕ್ಕೊಮ್ಮೆ ಹೊಸ ಫೈಲು ಹಾಕೋದು ಯಾರು? ಯಂತ್ರ ನಾಲ್ಕು ಸಾವಿರದ್ದು, ಆದರೆ ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ ಖರ್ಚಿನ ಪಟ್ಟಿಯಲ್ಲಿ ಸಾಲೇ ಇರೋದಿಲ್ಲ. ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಇಟ್ಟಿರೋದು ಈ ಸಾಲಿಲ್ಲದ ಕಾರಣಕ್ಕೇ.

ಕಾಕಾನ ಮಗಳು ಪಿಯು ಎರಡನೇ ವರ್ಷ, ಕಲಾ ವಿಭಾಗ. ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ನನ್ನ ಪಕ್ಕ ಕೂತಳು. ಓವರ್‌ಲೇ ಆಫ್ ಮಾಡೋದು, ಪೆನ್‌ಡ್ರೈವಿನಿಂದ ಕಾಪಿ ಮಾಡೋದು, ಮತ್ತೆ ಆನ್ ಮಾಡೋದು, ರೀಬೂಟ್. ಒಟ್ಟು ಒಂಬತ್ತು ಆದೇಶ. ತನ್ನ ಫೋನನ್ನೇ ಕೀಬೋರ್ಡ್ ಮಾಡಿಕೊಂಡು ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗ್ತಾಳೆ. ಒಂಬತ್ತನ್ನೂ ಅಂಗಡಿಯ ಉದ್ರಿ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟಿದ್ದಾಳೆ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ. 'ಸುಡೋ' ಅನ್ನೋದರ ಮುಂದೆ ಬರೆದದ್ದು: "ಯಜಮಾನ್ರ ಮಾತು, ಕೇಳಲೇಬೇಕು."

ಕಳೆದ ವಾರ ಅವಳೇ ಫೋನ್ ಮಾಡಿದ್ದಳು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಂಥದೇ ಇನ್ನೊಂದು ಇಡಬಹುದಾ ಅಂತ. "ಅಣ್ಣಾ, ಅಲ್ಲಿ ಓದಾಕ ಬರೋರು ತಾಸಗಟ್ಲೆ ಕೂಡ್ತಾರ. ಆದ್ರ ಬ್ಯಾಟರಿ ಎಲ್ಲಿ ಇಡೂದು? ಅಲ್ಲಿ ಇಲಿ ಅದಾವು." ಇಲಿ ವೈರ್ ಕಡಿಯದ ಹಾಗೆ ಏನು ಮಾಡಬೇಕು ಅಂತ ನಿಮಗೆ ಗೊತ್ತಿದ್ದರೆ ಬರೆದು ಕಳಿಸ್ರಿ. ಹಲಗೆಯ ದುಡ್ಡನ್ನು ಕಾಕಾ ಕೊಡ್ತೀನಿ ಅಂದಾರ.