ಹೊಲಿಗೆಗೂ ಲೆಕ್ಕ ಬೇಕು



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆ ನಮ್ಮ ಎಷ್ಟೋ ಮನೆಗಳ ಚಾವಡಿಯಲ್ಲಿ ಒಂದು ಹಳೆಯ ಹೊಲಿಗೆ ಯಂತ್ರವುಂಟು. ಅಜ್ಜಿ ಅದನ್ನು ಅಮ್ಮನಿಗೆ ಕೊಟ್ಟರು, ಅಮ್ಮ ಮಗಳಿಗೆ ಕೊಟ್ಟರು. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಬಿಟ್ಟು ಕಾಪಾಡಿದ್ದೇವೆ. 1974ರಲ್ಲಿ ನೇತ್ರಾವತಿಯ ನೆರೆ ಬಂಟ್ವಾಳ ಪೇಟೆಗೆ ಬಂದಾಗ ಅಕ್ಕಿ ಮುಡಿಯ ಜೊತೆಗೆ ಯಂತ್ರವನ್ನೂ ಅಟ್ಟಕ್ಕೇರಿಸಿದೆವು.

ಯಂತ್ರಗಳ ವ್ಯಾಮೋಹವನ್ನು ಖಂಡಿಸಿದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಮೆಚ್ಚಿದರು. ಅದು ಹೆಣ್ಣುಮಗಳ ಶ್ರಮ ಉಳಿಸುತ್ತದೆ, ಯಾರ ಅನ್ನವನ್ನೂ ಕಸಿಯುವುದಿಲ್ಲ. ಆದರೆ ಅದನ್ನು ತಯಾರಿಸುವ ಕಾರ್ಖಾನೆ ರಾಷ್ಟ್ರದ ಸೊತ್ತಾಗಬೇಕು ಎಂದೂ ಅವರು ಹೇಳಿದರು. ಈ ಎರಡನೆಯ ಮಾತನ್ನು ನಾವು ಬಹುಬೇಗ ಮರೆತೆವು.

ಇನ್ನೊಂದು ಮರೆವೂ ಉಂಟು. ಅದೇ ಚಾವಡಿಯಲ್ಲಿ ನಮ್ಮ ಹೆಂಗಸರು ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಮಜೂರಿಯುಂಟು. ಮನೆಯಲ್ಲೇ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾರ್ಮಿಕರ ಕಾಯಿದೆ ಒಪ್ಪಿತು. ಸಂಜೆ ಎಲೆಯನ್ನೂ ಕತ್ತರಿಯನ್ನೂ ಬದಿಗಿಟ್ಟು ಆಕೆ ಯಂತ್ರದ ಮುಂದೆ ಕೂರುತ್ತಾಳೆ. ಮಗುವಿನ ಶಾಲೆಯ ಅಂಗಿ, ಅತ್ತೆಯ ರವಿಕೆ, ಗಂಡನ ಹರಿದ ಷರಾಯಿ ಎಲ್ಲ ಸರಿಯಾಗುತ್ತವೆ. ಈ ದುಡಿಮೆಗೆ ಮಜೂರಿ ಇಲ್ಲ, ಹೆಸರೂ ಇಲ್ಲ.

ಗಿರಣಿಯ ಗೆಳೆಯರೇ, ದರ್ಜಿಗೆ ಕೊಡದೆ ಉಳಿದ ಹಣ ಆಕೆಯ ಗಳಿಕೆ. ಅಂಗಡಿಯ ಬಂಧುಗಳೇ, ಕಾಸುಕಾಸಿನ ಲೆಕ್ಕ ಬರೆಯುವ ನಾವು ಇದನ್ನೇಕೆ ಬರೆಯಲಿಲ್ಲ? ಯಂತ್ರಕ್ಕೆ ಎಣ್ಣೆ ಬಿಟ್ಟ ನಾವು ಅದನ್ನು ತುಳಿಯುವ ಕಾಲಿಗೆ ವಿಶ್ರಾಂತಿ ಕೊಟ್ಟೆವೇ? ಇಂದಿನಿಂದ ಗಂಡುಮಕ್ಕಳೂ ಹೊಲಿಗೆ ಕಲಿಯಲಿ. ಸಮಾನತೆಯನ್ನು ನಮ್ಮ ಚಾವಡಿಯಿಂದಲೇ ಆರಂಭಿಸೋಣ.