ಪಿಎಸ್‌ಎ ಏರಿದರೆ ಕ್ಯಾನ್ಸರೇ ಆಗಬೇಕೆಂದಿಲ್ಲ

ಸಹೋದರರೇ, ಮೂತ್ರದ ವಿಷಯ ಮಾತಾಡಲು ನಾವು ಗಂಡಸರಿಗೆ ನಾಚಿಕೆ. ಒಂದೇ ರೂಮಿನಲ್ಲಿ ಎಂಟು ಜನ ಇದ್ದರೂ ಉರಿ, ಹೊಟ್ಟೆಯ ಕೆಳಗಿನ ನೋವು, ರಾತ್ರಿ ನಾಲ್ಕು ಸಲ ಏಳುವುದು, ಯಾವುದನ್ನೂ ಹೇಳಿಕೊಳ್ಳುವುದಿಲ್ಲ. ಕೊನೆಗೆ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಜಾಸ್ತಿ ಬಂತೆಂದರೆ, 'ಕ್ಯಾನ್ಸರ್, ಎಲ್ಲ ಮುಗಿಯಿತು' ಎಂದು ಊರಿಗೆ ಟಿಕೆಟ್ ಮಾಡುವ ಅವಸರ.

ಸ್ವಲ್ಪ ತಡೆಯಿರಿ. ಪ್ರಾಸ್ಟೇಟ್ ಗ್ರಂಥಿಗೆ ಉರಿಯೂತವಾದರೂ ಪಿಎಸ್‌ಎ ಏರುತ್ತದೆ. ಸೋಂಕಿದ್ದರೆ ಮದ್ದು ಪೂರ್ತಿ ಮುಗಿಸಿ, ಆರೆಂಟು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಇಳಿಯದಿದ್ದರೆ ಸಾಮಾನ್ಯವಾಗಿ ಎಂಆರ್‌ಐ.

ಎಂಆರ್‌ಐ ರಿಪೋರ್ಟಿನಲ್ಲಿ 'ಪಿರಾಡ್ಸ್' ಎಂದು 1ರಿಂದ 5ರವರೆಗೆ ಒಂದು ಅಂಕ ಇರುತ್ತದೆ. ಅದು ಎಷ್ಟು ಸಂಶಯವಿದೆ ಎನ್ನುವ ಅಂಕ, ಕಾಯಿಲೆಯ ಹಂತವಲ್ಲ. 4 ಎಂದು ಕಂಡ ಕೂಡಲೇ 'ನಾಲ್ಕನೇ ಸ್ಟೇಜ್' ಎಂದು ಮನೆಗೆ ಫೋನ್ ಮಾಡಿ ಹೆಂಗಸರನ್ನು, ಮಕ್ಕಳನ್ನು ಅಳಿಸಬೇಡಿ. ಹಳೆಯ ಉರಿಯೂತವೂ, ಪ್ರಾಸ್ಟೇಟಿಗೆ ತಗಲಿದ ಕ್ಷಯವೂ ಎಂಆರ್‌ಐಯಲ್ಲಿ ಕ್ಯಾನ್ಸರಿನ ಹಾಗೆಯೇ ಕಾಣಬಹುದು.

ಎರಡನ್ನೂ ಬೇರೆ ಮಾಡಿ ಹೇಳುವುದು ಬಯಾಪ್ಸಿ. ಅರಿವಳಿಕೆ ಕೊಟ್ಟು ಸೂಜಿಯಿಂದ ಸಣ್ಣ ಸಣ್ಣ ಚೂರು ತೆಗೆಯುತ್ತಾರೆ; ಎಂಆರ್‌ಐ ತೋರಿಸಿದ ಜಾಗದಿಂದಲೇ ಕೆಲವು. 'ಸೂಜಿ ಹಾಕಿದರೆ ಹರಡುತ್ತದೆ' ಎಂಬ ರೂಮಿನ ಮಾತಿಗೆ ಹೆದರಿ ಇದನ್ನು ಬಿಟ್ಟವರಿದ್ದಾರೆ. ಬಿಟ್ಟರೆ, ನಿಜವಾಗಿ ಕ್ಯಾನ್ಸರ್ ಇದ್ದವನ ಸಮಯ ಬರೀ ಆಂಟಿಬಯಾಟಿಕ್ ನುಂಗುವುದರಲ್ಲೇ ಹೋಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಡಾಕ್ಟರಿಗೆ ಮೊದಲೇ ಹೇಳಿ. ಆಮೇಲೆ ಕೆಲವು ದಿನ ಮೂತ್ರದಲ್ಲಿ ಸ್ವಲ್ಪ ರಕ್ತ ಕಾಣುವುದುಂಟು. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ರಜೆಗೆ ಕಾಯದೆ ಆಗಲೇ ಎಮರ್ಜೆನ್ಸಿಗೆ ಹೋಗಿ.

ಊರಿನಲ್ಲಿ ಮಾಡಿಸುವುದಾದರೆ ಎಂಆರ್‌ಐ ಸಿಡಿಯೂ ಹಳೆಯ ಪಿಎಸ್‌ಎ ಚೀಟಿಗಳೂ ಹ್ಯಾಂಡ್‌ಬ್ಯಾಗಿನಲ್ಲಿರಲಿ. ಬರೀ ರಿಪೋರ್ಟ್ ಸಾಲದು, ಅಲ್ಲಿನ ಡಾಕ್ಟರಿಗೆ ಚಿತ್ರವೇ ನೋಡಬೇಕಾಗುತ್ತದೆ.